ಊರ ಚದುರಂಗದಿಂದ ಲೋಕದ ಚದುರಂಗಕ್ಕೆ

ಮನೆಯ ಜಗಲಿಯ ಮೇಲೆ ತಾತನನ್ನೂ ಚಿಕ್ಕಪ್ಪನನ್ನೂ ಚದುರಂಗದಲ್ಲಿ ಸೋಲಿಸುವ ಹುಡುಗನೊಬ್ಬ ಶಾಲಾ ಪಂದ್ಯಕ್ಕೆ ಹೋಗಿ ಹತ್ತೇ ನಿಮಿಷದಲ್ಲಿ ಸೋತು ಬರುವುದುಂಟು. ಬಂದವನು ಮಣೆಯನ್ನು ಅಟ್ಟಕ್ಕೆ ಹಾಕುತ್ತಾನೆ. ‘ಒಳ್ಳೆಯದಾಯಿತು, ಇನ್ನಾದರೂ ಓದಿಕೋ’ ಎಂದು ಹೆತ್ತವರು ಸಮಾಧಾನಪಡುತ್ತಾರೆ. ಹುಡುಗನ ಮನಸ್ಸಿನಲ್ಲಿ ಮಾತ್ರ ‘ನನಗೆ ಬುದ್ಧಿ ಸಾಲದು’ ಎಂಬ ಮುಳ್ಳು ಉಳಿದುಬಿಡುತ್ತದೆ. ಈ ಮುಳ್ಳನ್ನು ಕೀಳುವುದಕ್ಕಾಗಿಯೇ ಈ ಲೇಖನ.

ಮಕ್ಕಳೇ, ನಡೆದ ಸಂಗತಿ ಏನೆಂದರೆ, ಆ ಹುಡುಗ ಕಲಿತದ್ದು ಒಂದು ಆಟ, ಆಡಿದ್ದು ಇನ್ನೊಂದು ಆಟ. ಮಣೆ ಅದೇ, ಅರುವತ್ತನಾಲ್ಕು ಮನೆಗಳೂ ಅವೇ, ಕಾಯಿಗಳೂ ಅವೇ. ಯುದ್ಧದ ಕ್ರಮ ಮಾತ್ರ ಬೇರೆ. ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ರಾಜ, ರಾಕ್ಷಸ, ಮಾಂತ್ರಿಕರ ಕಾಳಗದ ಆಟಗಳನ್ನು ಆಡುತ್ತೀರಿ. ಮೊದಲ ಭಾಗವನ್ನು ಗೆದ್ದವನು ಎರಡನೆಯ ಭಾಗದಲ್ಲಿ ಹಳೆಯ ಉಪಾಯವನ್ನೇ ಹೂಡಿ ಮೊದಲ ಕಾಳಗದಲ್ಲೇ ಮಣ್ಣುಮುಕ್ಕುವುದನ್ನು ಕಂಡಿರುತ್ತೀರಿ. ಚದುರಂಗಕ್ಕೂ ಹೀಗೆಯೇ ಒಂದು ‘ಎರಡನೆಯ ಭಾಗ’ ಬಂದಿತು. ಅದು ಬಂದು ಐನೂರು ವರ್ಷಗಳಾದವು.

ಚದುರಂಗವು ಭಾರತದಲ್ಲಿ ಹುಟ್ಟಿ ಪರ್ಷಿಯಾ, ಅರಬ್ ದೇಶಗಳ ಮೂಲಕ ಯೂರೋಪಿಗೆ ಹೋಯಿತೆಂಬುದನ್ನು ನೀವು ಕೇಳಿರಬಹುದು. ಆ ಹಳೆಯ ಆಟದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿದ್ದನು. ಇಂದು ನಾವು ಒಂಟೆ ಎನ್ನುವ ಕಾಯಿ ಓರೆಯಾಗಿ ಎರಡನೆಯ ಮನೆಗೆ ನೆಗೆಯುತ್ತಿತ್ತು, ಅಷ್ಟೇ. ಆದ್ದರಿಂದ ಸೈನ್ಯಗಳು ಎದುರುಬದುರಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂರೋಪಿನವರು ಮಂತ್ರಿಗೆ ಎಂಟು ದಿಕ್ಕಿನಲ್ಲಿಯೂ ಎಷ್ಟು ದೂರ ಬೇಕಾದರೂ ನಡೆಯುವ ಬಲವನ್ನು ಕೊಟ್ಟರು. ಒಂಟೆಗೂ ಓರೆಯ ಉದ್ದ ನಡೆ ಬಂದಿತು. ಸ್ಪೇನ್ ದೇಶದ ಲುಸೇನ ಎಂಬಾತ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆಯ ಆಟದ ಸಮಸ್ಯೆಗಳೂ ಹೊಸ ಆಟದ ಸಮಸ್ಯೆಗಳೂ ಒಟ್ಟಿಗೆ ಇವೆ. ಅಂದಿನ ಆಟಗಾರರೂ ನಮ್ಮ ಹುಡುಗನಂತೆಯೇ ಎರಡು ದೋಣಿಗಳಲ್ಲಿ ಕಾಲಿಟ್ಟಿದ್ದರೆಂದು ಇದರಿಂದ ಊಹಿಸಬಹುದು. ಹೊಸ ಆಟದಲ್ಲಿ ನಾಲ್ಕೇ ನಡೆಗಳಲ್ಲಿ ರಾಜ ಬೀಳಬಲ್ಲನು.

ನಮ್ಮ ದೇಶಕ್ಕೆ ಮಂತ್ರಿಯ ಹೊಸ ಬಲ ಬಂದು ಸೇರಿದರೂ ಉಳಿದ ಹಳೆಯ ನಿಯಮಗಳು ಬಹುಕಾಲ ಉಳಿದುಕೊಂಡವು. ಊರಿಂದೂರಿಗೆ ವ್ಯತ್ಯಾಸವಿದ್ದರೂ ಮುಖ್ಯವಾದವು ಇವು: ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯಬೇಕು, ರಾಜನಿಗೆ ಕೋಟೆಯ ರಕ್ಷಣೆಯಿಲ್ಲ, ಅದಕ್ಕೆ ಬದಲಾಗಿ ಆಟದಲ್ಲಿ ಒಮ್ಮೆ ಕುದುರೆಯಂತೆ ನೆಗೆಯಬಹುದು, ಕಾಲಾಳು ಕೊನೆಯ ಸಾಲನ್ನು ಮುಟ್ಟಿದರೆ ಆ ಮನೆಯಲ್ಲಿ ಮೊದಲು ಯಾವ ಕಾಯಿ ಇತ್ತೋ ಅದೇ ಆಗಬೇಕು. ನಮ್ಮ ಹೊಸೂರು ಸೀಮೆಯಲ್ಲಿ ಇನ್ನೊಂದು ತೊಡಕೂ ಇದೆ. ಕನ್ನಡ ಮನೆಯ ಮಗು ‘ಮಂತ್ರಿ’ ಎಂದರೆ ರಾಜನ ಪಕ್ಕದ ಬಲಶಾಲಿ ಕಾಯಿ. ತಮಿಳು ಮನೆಯ ಮಗುವಿಗೆ ಅದು ‘ರಾಣಿ’. ಅದು ‘ಮಂದಿರಿ’ ಎನ್ನುವುದು ನಮ್ಮ ಒಂಟೆಯನ್ನು! ‘ಮಂತ್ರಿ ಹೋಯಿತು’ ಎಂದು ಒಬ್ಬ ಅಳುವಾಗ ಇನ್ನೊಬ್ಬ ‘ಅಷ್ಟಕ್ಕೇಕೆ ಅಳುತ್ತೀಯೆ?’ ಎಂದರೆ ಆಶ್ಚರ್ಯವಿಲ್ಲ. ಆಟಕ್ಕೆ ಕೂಡುವ ಮೊದಲು ಹೆಸರುಗಳನ್ನು ಒಪ್ಪಿಕೊಳ್ಳುವುದು ಕ್ಷೇಮ.

ಈ ದಾಟುವಿಕೆಯನ್ನು ಮಾಡಿ ತೋರಿಸಿದ ಒಬ್ಬ ಭಾರತೀಯನ ಕಥೆಯನ್ನು ಕೇಳಿರಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬಾಲ್ಯದಿಂದ ಆಡಿದ್ದು ದೇಶೀ ಚದುರಂಗವನ್ನೇ. ಅಂತರರಾಷ್ಟ್ರೀಯ ನಿಯಮಗಳನ್ನು ಆತ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ತನ್ನ ಆಶ್ರಯದಾತರಾದ ಸರ್ ಉಮರ್ ಹಯಾತ್ ಖಾನರೊಡನೆ 1929ರಲ್ಲಿ ಇಂಗ್ಲೆಂಡಿಗೆ ಹೋದಾಗ, ಅಲ್ಲಿ ಅವನ ಅಭ್ಯಾಸಕ್ಕೆಂದು ನಡೆಸಿದ ಪುಟ್ಟ ಪಂದ್ಯದಲ್ಲಿ ಕೊನೆಯ ಸ್ಥಾನವನ್ನು ಇನ್ನೊಬ್ಬನೊಡನೆ ಹಂಚಿಕೊಂಡನು. ಆಟದ ಆರಂಭದ ನಡೆಗಳು ಅವನಿಗೆ ತಿಳಿದಿರಲಿಲ್ಲ. ಅವನು ಮಣೆಯನ್ನು ಅಟ್ಟಕ್ಕೆ ಹಾಕಲಿಲ್ಲ. ತನ್ನನ್ನು ಹಿಂದಿಕ್ಕಿದ ವಿಂಟರ್ ಮತ್ತು ಯೇಟ್ಸ್ ಎಂಬವರಿಂದಲೇ ಪಾಠ ಹೇಳಿಸಿಕೊಂಡನು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು! 1932 ಮತ್ತು 1933ರಲ್ಲಿ ಮತ್ತೆ ಗೆದ್ದನು. ವಿಶ್ವವಿಜೇತನಾಗಿದ್ದ ಕಾಪಾಬ್ಲಾಂಕನನ್ನು 1930-31ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಸೋಲಿಸಿದನು. ಆರಂಭದಲ್ಲಿ ತಡವರಿಸುತ್ತಿದ್ದರೂ ಆಟದ ನಡುಭಾಗದಲ್ಲಿಯೂ ಕೊನೆಯಲ್ಲಿಯೂ ಅವನ ತಾಳ್ಮೆಗೆ ಎಣೆಯಿರಲಿಲ್ಲ. ಈ ತಾಳ್ಮೆಯನ್ನು ಕಲಿಸಿದ್ದು ಮೆಲ್ಲಗೆ ಸಾಗುವ ಹಳೆಯ ಆಟವೇ ಎಂದು ನನ್ನ ಅಭಿಪ್ರಾಯ. ಆದ್ದರಿಂದ ತಾತ ಕಲಿಸಿದ್ದು ವ್ಯರ್ಥವೆಂದು ಯಾರೂ ತಿಳಿಯಬೇಡಿರಿ. ವಿಶ್ವ ಚದುರಂಗ ಸಂಸ್ಥೆಯು ಅವನಿಗೆ ಗ್ರ್ಯಾಂಡ್ ಮಾಸ್ಟರ್ ಗೌರವವನ್ನು ಕೊಟ್ಟದ್ದು 2024ರಲ್ಲಿ, ಅವನು ತೀರಿಕೊಂಡು 58 ವರ್ಷಗಳಾದ ಮೇಲೆ.

ಈಗ ಪಾಠಕ್ಕೆ ಬರೋಣ. ಮಣೆಯನ್ನು ಎದುರಿಗಿಟ್ಟುಕೊಂಡೇ ಓದಿರಿ.

ದೇಶೀ ಆಟದಲ್ಲಿ ಮೊದಲ ಹತ್ತು ನಡೆಗಳನ್ನು ನಮ್ಮ ಮನೆಯನ್ನು ಅಣಿಗೊಳಿಸುವುದಕ್ಕೆ ಬಳಸುತ್ತೇವೆ; ಎದುರಾಳಿ ಏನು ಮಾಡಿದನೆಂದು ನೋಡುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಹೊಸ ಆಟದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ನಡೆಯಬಹುದಾದ್ದರಿಂದ ಎರಡನೆಯ ನಡೆಯಲ್ಲೇ ಕತ್ತಿಗೆ ಕತ್ತಿ ತಾಗುತ್ತದೆ. ನೋಡಿರಿ: ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದನು. ಕರಿಯವನೂ ಹಾಗೆಯೇ ಮಾಡಿದನು. ಬಿಳಿಯ ಮಂತ್ರಿ ಓರೆಯಾಗಿ ಬಲತುದಿಯವರೆಗೆ ಹೊರಟುಬಂದನು. ಆ ಮಂತ್ರಿಯನ್ನು ಓಡಿಸೋಣವೆಂದು ಕರಿಯವನು ತನ್ನ ರಾಜನ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದರೆ ಕೆಟ್ಟನು. ಬಿಳಿಯ ಮಂತ್ರಿ ನಡುವಿನ ಕರಿಯ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತಾನೆ. ಅದೇ ಮನೆಯಿಂದ ಮೂಲೆಯ ಆನೆಗೂ ದಾರಿ ತೆರೆದಿದೆ. ರಾಜನನ್ನು ಉಳಿಸಿದರೆ ಆನೆ ಹೋಯಿತು.

ಹಾಗಾದರೆ ಸರಿಯಾದ ನಡೆ ಯಾವುದು? ಮಂತ್ರಿಯ ಕಡೆಯ ಕುದುರೆಯನ್ನು ನಡುವಿನತ್ತ ಹೊರತಂದು ಆ ಕಾಲಾಳಿಗೆ ಕಾವಲು ನಿಲ್ಲಿಸುವುದು. ಆಗ ಬಿಳಿಯವನು ರಾಜನ ಕಡೆಯ ಒಂಟೆಯನ್ನು ತಂದು, ಕರಿಯ ರಾಜನ ಬದಿಯ ಒಂಟೆಯ ಮುಂದಿರುವ ಕಾಲಾಳಿಗೆ ಗುರಿಯಿಡುತ್ತಾನೆ. ಆ ಕಾಲಾಳಿಗೆ ರಾಜನೊಬ್ಬನೇ ಕಾವಲು, ಹೊಡೆಯುವವರು ಇಬ್ಬರು. ಇದನ್ನು ಎಣಿಸದೆ ಕರಿಯವನು ಇನ್ನೊಂದು ಕುದುರೆಯನ್ನು ಮಂತ್ರಿಯ ಮೇಲೆ ಬಿಟ್ಟನೆಂದರೆ, ಮಂತ್ರಿ ಆ ಕಾಲಾಳನ್ನು ಹೊಡೆದು ಚೆಕ್ ಮೇಟ್! ಹಿಂದೆ ಕೆಡುಕಾಗಿದ್ದ ಕಾಲಾಳಿನ ನಡೆಯೇ ಈಗ ಮದ್ದು. ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಈಗ ತಳ್ಳಿದರೆ ಮಂತ್ರಿಯ ದಾರಿಯೂ ಮುಚ್ಚುತ್ತದೆ, ಮಂತ್ರಿಯೂ ಓಡಬೇಕಾಗುತ್ತದೆ. ಒಂದೇ ನಡೆ ಒಂದು ಹೊತ್ತಿನಲ್ಲಿ ವಿಷ, ಇನ್ನೊಂದು ಹೊತ್ತಿನಲ್ಲಿ ಅಮೃತ. ಪ್ರತಿಯೊಂದು ನಡೆಗೂ ಮೊದಲು ‘ಇವನು ಈಗ ಯಾವುದನ್ನು ಹೊಡೆಯಬಲ್ಲ? ಹೊಡೆಯುವವರೆಷ್ಟು, ಕಾಯುವವರೆಷ್ಟು?’ ಎಂದು ಬೆರಳೆಣಿಸಿರಿ. ಪಂದ್ಯಗಳಲ್ಲಿ ಸೋಲುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸೋಲುವುದು ಈ ಎಣಿಕೆಯನ್ನು ಬಿಟ್ಟಾಗಲೇ.

ರಾಜನನ್ನು ಬೇಗನೆ ಕೋಟೆಯೊಳಗಿಡುವುದು ಎರಡನೆಯ ಮಾತು. ರಾಜ, ಆನೆ ಎರಡೂ ಕದಲದೆ ಇದ್ದು, ನಡುವೆ ಕಾಯಿಗಳಿಲ್ಲದಿದ್ದರೆ, ರಾಜನನ್ನು ಆನೆಯತ್ತ ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆಗೆ ಇಡಬಹುದು. ಚೆಕ್ ಇರುವಾಗಲಾಗಲಿ, ರಾಜ ದಾಟುವ ಅಥವಾ ಸೇರುವ ಮನೆಯ ಮೇಲೆ ಶತ್ರುವಿನ ದೃಷ್ಟಿ ಇರುವಾಗಲಾಗಲಿ ಹೀಗೆ ಮಾಡುವಂತಿಲ್ಲ. ಇನ್ನು ಎರಡು ಮನೆ ನೆಗೆದ ಕಾಲಾಳು ಶತ್ರುವಿನ ಕಾಲಾಳಿನ ಪಕ್ಕಕ್ಕೆ ಬಂದು ನಿಂತರೆ, ಒಂದೇ ಮನೆ ನಡೆದಿತ್ತೆಂದು ಭಾವಿಸಿ ಅದನ್ನು ಹೊಡೆಯಬಹುದು. ಆದರೆ ಆ ಕ್ಷಣದಲ್ಲಿ ಮಾತ್ರ. ಕೊನೆಯ ಸಾಲಿಗೆ ಸೇರಿದ ಕಾಲಾಳು ಬೇಕಾದರೆ ಮಂತ್ರಿಯೇ ಆಗಬಹುದು. ಎದುರಾಳಿಯ ರಾಜ ಒಬ್ಬನೇ ಉಳಿದಾಗ ಬೀಗಬೇಡಿರಿ: ಅವನಿಗೆ ಚೆಕ್ ಇಲ್ಲದೆ, ನಡೆಯಲು ಮನೆಯೂ ಇಲ್ಲದಂತಾದರೆ ಆಟ ಸಮವಾಗುತ್ತದೆ, ನಿಮ್ಮ ಬಳಿ ಎರಡು ಮಂತ್ರಿಗಳಿದ್ದರೂ ಸರಿಯೇ.

ಎಲ್ಲ ಬದಲಾವಣೆಗಳ ನಡುವೆಯೂ ಬದಲಾಗದೆ ಉಳಿದದ್ದು ಕುದುರೆಯ ನಡೆ. ಅರುವತ್ತನಾಲ್ಕು ಮನೆಗಳನ್ನೂ ಕುದುರೆಯೊಂದರಿಂದ, ಒಂದು ಮನೆಯನ್ನು ಎರಡು ಸಲ ಮುಟ್ಟದೆ, ಸುತ್ತಿಬರುವ ವಿನೋದ ನಮ್ಮಲ್ಲಿ ಬಹಳ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ಅರ್ಧ ಮಣೆಯ ಇಂತಹ ಸುತ್ತನ್ನು ಪದ್ಯದ ಬಂಧವಾಗಿಯೇ ತೋರಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇಂತಹ ಸುತ್ತುಗಳನ್ನು ರಚಿಸುವುದರಲ್ಲಿ ಪ್ರವೀಣರು. ರಜೆಯ ದಿನ ಕಾಗದದ ಮೇಲೆ ಪ್ರಯತ್ನಿಸಿರಿ. ಕುದುರೆಯ ಕಣ್ಣು ನಿಮಗೂ ಬರುತ್ತದೆ.

ಹೆತ್ತವರಿಗೆ ಒಂದು ಮಾತು. ನಮ್ಮ ರಾಜ್ಯದ ಚೆನ್ನೈ ನಗರದ ಗುಕೇಶ್ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟನೆಯ ವಯಸ್ಸಿಗೆ ವಿಶ್ವವಿಜೇತನಾದನು. ಎಲ್ಲ ಮಕ್ಕಳೂ ಗುಕೇಶ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಸೋತು ಬಂದ ದಿನ ‘ಸಾಕು ಬಿಡು’ ಎನ್ನುವ ಬದಲು ‘ಎಲ್ಲಿ ಸೋತೆ, ಇಟ್ಟು ತೋರಿಸು’ ಎಂದು ಕೇಳಿರಿ. ದೊಡ್ಡ ಪಂದ್ಯಗಳಲ್ಲಿ ಆಟಗಾರನು ತನ್ನ ನಡೆಗಳನ್ನು ಬರೆದುಕೊಳ್ಳುತ್ತಾನೆ. ಅಡ್ಡಸಾಲುಗಳಿಗೆ ಒಂದರಿಂದ ಎಂಟರವರೆಗೆ ಅಂಕಿ, ಉದ್ದಸಾಲುಗಳಿಗೆ ಇಂಗ್ಲಿಷಿನ ಮೊದಲ ಎಂಟು ಅಕ್ಷರ. ಈ ಬರವಣಿಗೆಯನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಬರೆದ ಹಾಳೆ ಇದ್ದರೆ ಆಟ ಬಾರದ ತಾಯಿಯೂ ಓದಿ ಹೇಳಬಲ್ಲಳು, ಮಗು ಕಾಯಿಗಳನ್ನು ನಡೆಸುತ್ತಾ ಹೋಗಿ ಕೆಟ್ಟ ನಡೆ ಬಂದ ಕಡೆ ತಾನೇ ನಿಲ್ಲುತ್ತದೆ.