ಕಾರ್ತಿಕದ ಸೇವಂತಿಗೆ

ಮಳೆಗಾಲದ ಮೋಡಗಳು ಚದುರಿ, ಆಕಾಶವು ತೊಳೆದಿಟ್ಟಂತೆ ನಿರ್ಮಲವಾಗುವ ಕಾಲ ಶರದೃತು. ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ. ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಕಾಣಿಸಿಕೊಳ್ಳುತ್ತದೆ. ಚೈತ್ರ ವೈಶಾಖಗಳ ಮಲ್ಲಿಗೆಯ ಸಡಗರ ಎಂದೋ ಮುಗಿದಿರುತ್ತದೆ. ಮಳೆಯಲ್ಲಿ ಸೊಕ್ಕಿ ಬೆಳೆದ ಬಳ್ಳಿಗಳು ಕಾಯಿ ಬಿಟ್ಟು ಒಣಗತೊಡಗಿರುತ್ತವೆ. ಇನ್ನು ಹಿತ್ತಿಲಲ್ಲಿ ನೋಡುವುದೇನೂ ಇಲ್ಲವೆಂದು ನಾವು ತಿಳಿಯುವ ಹೊತ್ತಿಗೆ, ಆರು ತಿಂಗಳ ಕಾಲ ಬರಿಯ ಎಲೆಯಾಗಿ ಮೂಲೆಯಲ್ಲಿ ನಿಂತಿದ್ದ ಗಿಡವೊಂದು ಮೈತುಂಬ ಮೊಗ್ಗು ಹೊತ್ತು ನಿಲ್ಲುತ್ತದೆ. ಅದೇ ಸೇವಂತಿಗೆ.

ಈ ಕಾಲದಲ್ಲಿ ಅರಳುವ ಹೂವು ಸೇವಂತಿಗೆಯೊಂದೇ ಅಲ್ಲ. ಪಾರಿಜಾತ ನಸುಕಿನಲ್ಲಿ ಅಂಗಳಕ್ಕೆ ಉದುರುತ್ತದೆ. ಬೇಲಿಯ ಗೋರಟೆ ಹಳದಿಯಾಗುತ್ತದೆ. ಆಯುಧಪೂಜೆಗೆ ಚೆಂಡುಹೂವಿಲ್ಲದೆ ನಡೆಯದು. ಮಲೆನಾಡಿನ ಅಂಗಳಗಳಲ್ಲಿ ಮಳೆಗಾಲದಿಂದಲೂ ಬಿಡುತ್ತಿದ್ದ ಡೇರೆ ತನ್ನ ಕೊನೆಯ ಹೂಗಳನ್ನು ಕೊಡುತ್ತದೆ. ಚೆಂಡುಹೂವಿನ ತವರು ಅಮೆರಿಕ ಖಂಡ. ಡೇರೆಯ ತವರು ಮೆಕ್ಸಿಕೊ. ಅದರ ಡೇಲಿಯಾ ಎಂಬ ಹೆಸರಾದರೋ ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿಯ ನೆನಪಿಗೆ ಇಟ್ಟದ್ದು. ನಮ್ಮ ಹಬ್ಬಗಳ ಹೂಗಳಲ್ಲಿ ಅರ್ಧದಷ್ಟು ದೂರದ ನೆಂಟರೇ ಆಗಿರುವುದು ಸ್ವಾರಸ್ಯದ ಸಂಗತಿ.

ಸೇವಂತಿಗೆಯೂ ಹೊರಗಿನಿಂದ ಬಂದದ್ದೇ. ಚೀನಾದಲ್ಲಿ ಅದನ್ನು ಬಹು ಪ್ರಾಚೀನ ಕಾಲದಿಂದ ಬೆಳೆಸುತ್ತ ಬಂದಿದ್ದಾರೆ. ಸುಮಾರು 1600 ವರ್ಷಗಳ ಹಿಂದೆ ಬಾಳಿದ ತಾವೊ ಯುವಾನ್‌ಮಿಂಗ್ ಎಂಬ ಚೀನೀ ಕವಿ ಅಧಿಕಾರವನ್ನು ಬಿಟ್ಟು ಹಳ್ಳಿಗೆ ಮರಳಿ, ಬೇಲಿಯ ಬಳಿ ಸೇವಂತಿಗೆ ಬೆಳೆಸಿದವನೆಂದು ಇಂದಿಗೂ ಪ್ರಸಿದ್ಧನಾಗಿದ್ದಾನೆ. ಜಪಾನಿನ ಚಕ್ರವರ್ತಿಯ ಮುದ್ರೆಯಲ್ಲಿರುವುದು ಹದಿನಾರು ದಳಗಳ ಸೇವಂತಿಗೆ.

ನಮ್ಮ ದೊಡ್ಡಮ್ಮನಿಗೆ ಈ ಸಂಗತಿಗಳಾವುವೂ ತಿಳಿದಿರಲಿಲ್ಲ. ಹಾಸನದ ಕಡೆಯ ಒಂದು ಸಣ್ಣ ಊರಿನಲ್ಲಿ ಅವರ ಮನೆ. ಹಿತ್ತಿಲ ಗೋಡೆಯುದ್ದಕ್ಕೂ ಅವರದೊಂದು ಸೇವಂತಿಗೆಯ ಸಾಲು. ಅದರ ಹೂವು ಅಂಗಡಿಯಲ್ಲಿ ಮಾರಿನ ಲೆಕ್ಕದಲ್ಲಿ ದೊರೆಯುವ ಹೂವಿನಂತಿರಲಿಲ್ಲ. ಗಾತ್ರದಲ್ಲಿ ಚಿಕ್ಕದು, ಅಂಚಿನಲ್ಲಿ ಕೆನೆಬಣ್ಣ, ನಡುವೆ ಅರಿಸಿನದ ಹೊಳಪು. ಅವರ ಅತ್ತೆಯವರು ತವರಿನಿಂದ ತಂದು ನೆಟ್ಟದ್ದೆಂದು ಹೇಳುತ್ತಿದ್ದರು. ದೀಪಾವಳಿಯ ಬೆಳಿಗ್ಗೆ ಬಿದಿರು ಮೊರದ ತುಂಬ ಹೂ ಬಿಡಿಸಿ, ಬೀದಿಯ ಪ್ರತಿಯೊಂದು ಮನೆಗೂ ಒಂದೊಂದು ಬೊಗಸೆ ಕಳುಹಿಸುತ್ತಿದ್ದರು. ಹಿಂತಿರುಗುವಾಗ ಮೊರ ಬರಿದಾಗಿ ಬರುತ್ತಿರಲಿಲ್ಲ. ಒಬ್ಬರ ಮನೆಯ ಕನಕಾಂಬರ, ಇನ್ನೊಬ್ಬರ ಮನೆಯ ಚೆಂಡುಹೂ, ಮತ್ತೊಬ್ಬರ ಮನೆಯ ನಾಲ್ಕು ಸ್ಫಟಿಕದ ಹೂ ಅದರಲ್ಲಿರುತ್ತಿದ್ದವು. ಮೊರ ಹೊತ್ತು ತಿರುಗುವ ಕೆಲಸ ನನ್ನದು. ಯಾರ ಮನೆಯಲ್ಲಿ ಏನು ಅರಳಿದೆ ಎಂಬುದು ಊರಿಗೆಲ್ಲ ನನ್ನ ಮೂಲಕವೇ ತಿಳಿಯುತ್ತಿತ್ತು.

ಒಂದು ಸೇವಂತಿಗೆಯನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದರೆ ಅದು ಒಂದು ಹೂವಲ್ಲ, ಹೂಗಳ ಒಂದು ಗುಂಪು ಎಂಬುದು ತಿಳಿಯುತ್ತದೆ. ನಾವು ದಳವೆಂದು ಕರೆಯುವ ಒಂದೊಂದೂ ಒಂದು ಪುಟ್ಟ ಹೂವು. ನಡುವಿನ ತಟ್ಟೆಯಲ್ಲಿ ಕೊಳವೆಯಾಕಾರದ ಹೂಗಳು ಒತ್ತೊತ್ತಾಗಿರುತ್ತವೆ. ಸುತ್ತಲೂ ನಾಲಗೆಯಂತೆ ಚಾಚಿದ ಹೂಗಳಿರುತ್ತವೆ. ಸೂರ್ಯಕಾಂತಿಯ ಕುಟುಂಬದ ಲಕ್ಷಣವೇ ಇದು. ಇಷ್ಟೊಂದು ಹೂಗಳಿದ್ದರೂ ಬೀಜದಿಂದ ಸೇವಂತಿಗೆಯ ತಳಿಯನ್ನು ಉಳಿಸಿಕೊಳ್ಳಲಾಗುವುದಿಲ್ಲ. ಸಾಮಾನ್ಯವಾಗಿ ತನ್ನದೇ ಪರಾಗದಿಂದ ಅದು ಬೀಜ ಕಟ್ಟುವುದಿಲ್ಲ. ಬೇರೊಂದು ಗಿಡದ ಪರಾಗ ಬೇಕು. ಮೇಲಾಗಿ ಅದರ ಜೀವಕೋಶಗಳಲ್ಲಿ ವರ್ಣತಂತುಗಳು ಒಂಬತ್ತರಂತೆ ಆರು ಗುಂಪು, ಅಂದರೆ ಸಾಮಾನ್ಯವಾಗಿ 54 ಇರುತ್ತವೆ. ಇವು ಬೆರೆತು ಹಂಚಿಕೆಯಾಗುವ ಬಗೆ ಎಷ್ಟು ವಿಧವೆಂದರೆ, ಬೀಜದಿಂದ ಹುಟ್ಟಿದ ಸಸಿ ತಾಯಿಯನ್ನು ಹೋಲುವುದೇ ಅಪರೂಪ. ತಾಯಿಯಂಥದೇ ಗಿಡ ಬೇಕಾದರೆ ಬುಡದಿಂದ ಏಳುವ ಮರಿಗಳನ್ನು ಕಿತ್ತು ನೆಡಬೇಕು, ಇಲ್ಲವೆ ಕುಡಿಯನ್ನು ಕತ್ತರಿಸಿ ಮರಳಿನಲ್ಲಿ ಊರಿ ಬೇರು ಬರಿಸಬೇಕು. ಹೀಗಾಗಿ ಒಂದು ಮನೆಯ ಸೇವಂತಿಗೆ ಇನ್ನೊಂದು ಮನೆಯಲ್ಲಿ ಅರಳಬೇಕಾದರೆ ಯಾರಾದರೂ ಅದನ್ನು ಕೈಯಾರೆ ಕೊಟ್ಟಿರಲೇಬೇಕು. (ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತೂ ಉಂಟು. ಅದನ್ನು ಪರೀಕ್ಷಿಸಿ ನೋಡಿದವರ ಸಂಖ್ಯೆ ಕಡಿಮೆಯೇನಲ್ಲ.)

ಹೂವು ಮುಗಿದ ಮೇಲೆ ದೊಡ್ಡಮ್ಮ ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸುತ್ತಿದ್ದರು. ಬೇಸಿಗೆಯಲ್ಲಿ ಬುಡಕ್ಕೆ ಒಂದಿಷ್ಟು ನೀರು, ಒಂದಿಷ್ಟು ನೆರಳು. ಮುಂಗಾರು ಹನಿದೊಡನೆ ಮರಿಗಳನ್ನು ಬಿಡಿಸಿ ಹೊಸ ಮಣ್ಣಿನಲ್ಲಿ ನೆಡುವರು. ಗೇಣುದ್ದ ಬೆಳೆದಾಗ ಕುಡಿ ಚಿವುಟುವರು. ಕುಡಿ ಚಿವುಟಿದಷ್ಟೂ ಕವಲು, ಕವಲು ಹೆಚ್ಚಿದಷ್ಟೂ ಹೂವು. ಮರಿ ಬಿಡಿಸುವ ದಿನ ನೆರೆಹೊರೆಯ ಹೆಂಗಸರು ಹಿತ್ತಿಲಲ್ಲಿ ಸೇರುತ್ತಿದ್ದರು. ಬರಿಗೈಯಲ್ಲಿ ಯಾರೂ ಹೋಗುತ್ತಿರಲಿಲ್ಲ.

1978ರಲ್ಲಿ ಆ ಸಾಲಿಗೆ ಒಂದು ವಿಚಿತ್ರವಾದ ತೊಂದರೆ ಬಂದೊದಗಿತು. ಅಕ್ಟೋಬರ್ ಕೊನೆಗೆ ದೀಪಾವಳಿ. ಸಾಲಿನ ಒಂದು ತುದಿಯ ಗಿಡಗಳು ಎಂದಿನಂತೆ ಅರಳಿದವು. ಇನ್ನೊಂದು ತುದಿಯ ಏಳೆಂಟು ಗಿಡಗಳಾದರೋ ಸೊಂಟದೆತ್ತರ ಬೆಳೆದು ಹಚ್ಚಗೆ ನಿಂತಿದ್ದವು. ಅವುಗಳಲ್ಲಿ ಒಂದು ಮೊಗ್ಗೂ ಇರಲಿಲ್ಲ. ಗೊಬ್ಬರ ಒಂದೇ, ನೀರು ಒಂದೇ, ನೆಟ್ಟ ದಿನವೂ ಒಂದೇ. ಬೀದಿಯಲ್ಲಿದ್ದ ವಿಜ್ಞಾನದ ಮೇಷ್ಟ್ರು ಹಬ್ಬಕ್ಕೆ ಮನೆಗೆ ಬಂದಾಗ ದೊಡ್ಡಮ್ಮ ಅವರನ್ನು ಹಿತ್ತಿಲಿಗೆ ಕರೆದೊಯ್ದರು.

“ಮೇಷ್ಟ್ರೇ, ಈ ಗಿಡಗಳ ಮೇಲೆ ಯಾರ ಕಣ್ಣು ಬಿತ್ತೋ ಕಾಣೆ.”

ಮೇಷ್ಟ್ರು ಗಿಡಗಳನ್ನು ನೋಡಿದರು; ಆಮೇಲೆ ತಲೆಯೆತ್ತಿ ಗೋಡೆಯಾಚೆ ನೋಡಿದರು. ಆ ವರ್ಷದ ಮಳೆಗಾಲಕ್ಕೆ ಮುಂಚೆ ಗೋಡೆಗೆ ತಾಗಿದಂತೆಯೇ ಒಂದು ಬೀದಿದೀಪದ ಕಂಬ ಬಂದಿತ್ತು.

“ಕಣ್ಣು ಬಿದ್ದಿಲ್ಲ ತಾಯಿ, ಬೆಳಕು ಬಿದ್ದಿದೆ” ಎಂದರು.

ಮೇಷ್ಟ್ರು ಅಂದು ನಮಗೆ ಹೇಳಿದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ಅವರ ಹೊಲದಲ್ಲಿ ಒಂದು ತಳಿಯ ಹೊಗೆಸೊಪ್ಪು ಬೇಸಿಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಅದೇ ಗಿಡವನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದರೆ ಚಿಕ್ಕದಾಗಿರುವಾಗಲೇ ಹೂ ಬಿಡುತ್ತಿತ್ತು. ಶಾಖ, ತೇವ, ಗೊಬ್ಬರ ಎಲ್ಲವನ್ನೂ ಅವರು ಪರೀಕ್ಷಿಸಿದರು. ಕಾರಣ ಸಿಗಲಿಲ್ಲ. ಕೊನೆಗೆ, ಬೇಸಿಗೆಯಲ್ಲಿಯೇ ಕೆಲವು ಗಿಡಗಳನ್ನು ದಿನವೂ ಸಂಜೆಗೆ ಮುಂಚೆ ಕತ್ತಲೆಯ ಕೊಟ್ಟಿಗೆಯೊಳಗಿಟ್ಟು, ಬೆಳಿಗ್ಗೆ ಹೊರಗೆ ತಂದು ನೋಡಿದರು. ಆ ಗಿಡಗಳು ಹೂ ಬಿಟ್ಟವು. ಗಿಡವು ಹಗಲಿನ ಉದ್ದವನ್ನು ಅರಿತು ಹೂ ಬಿಡುವ ಈ ಗುಣವನ್ನು ಅವರು 1920ರಲ್ಲಿ ಪ್ರಕಟಿಸಿದರು. ಹಗಲು ಒಂದು ಮಿತಿಗಿಂತ ಚಿಕ್ಕದಾದಾಗ ಹೂ ಬಿಡುವ ಗಿಡಗಳನ್ನು ಹ್ರಸ್ವದಿನ ಸಸ್ಯಗಳೆಂದು ಕರೆಯುತ್ತಾರೆ. ಸೇವಂತಿಗೆ ಈ ಗುಂಪಿಗೆ ಸೇರಿದೆ.

ಹ್ರಸ್ವದಿನ ಎಂಬ ಹೆಸರು ನಿಂತಿತಾದರೂ ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ರಾತ್ರಿಯನ್ನು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇದನ್ನು ತೋರಿಸಿಕೊಟ್ಟರು. ಹಗಲಿನ ನಡುವೆ ಗಿಡವನ್ನು ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟರೆ ಏನೂ ಆಗುವುದಿಲ್ಲ. ಉದ್ದನೆಯ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಮಾತ್ರ ಅದು ಆ ರಾತ್ರಿಯನ್ನು ರಾತ್ರಿಯೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಈ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವನ್ನು 1959ರಲ್ಲಿ ಪತ್ತೆಹಚ್ಚಿದರು.

ಗಿಡದ ಯಾವ ಭಾಗ ರಾತ್ರಿಯನ್ನು ಅಳೆಯುತ್ತದೆ? ಇದಕ್ಕೆ ಉತ್ತರ ದೊರೆತದ್ದು ಸೇವಂತಿಗೆಯಿಂದಲೇ. ರಷ್ಯಾದಲ್ಲಿ ಚೈಲಾಖ್ಯಾನ್ ಎಂಬ ವಿಜ್ಞಾನಿ ಸೇವಂತಿಗೆಯ ಗಿಡದ ಮೇಲ್ಭಾಗದ ಎಲೆಗಳನ್ನು ತೆಗೆದುಹಾಕಿ, ಎಲೆಯಿದ್ದ ಕೆಳಭಾಗಕ್ಕೆ ಮಾತ್ರ ದೀರ್ಘವಾದ ರಾತ್ರಿ ಸಿಗುವಂತೆ ಮಾಡಿದ. ತುದಿಗೆ ಹಗಲು ದೀರ್ಘವಾಗಿಯೇ ಇತ್ತು. ಆದರೂ ತುದಿ ಹೂ ಬಿಟ್ಟಿತು. ಹಾಗಾದರೆ ಕತ್ತಲೆಯನ್ನು ಅರಿಯುವುದು ಎಲೆ. ಅಲ್ಲಿಂದ ಯಾವುದೋ ಒಂದು ಸಂದೇಶ ಕುಡಿಗೆ ಹೋಗುತ್ತದೆ ಎಂದು ಅವನು ತರ್ಕಿಸಿ, ಕಣ್ಣಿಗೆ ಕಾಣದ ಆ ವಸ್ತುವಿಗೆ 1937ರಲ್ಲಿ ಫ್ಲೋರಿಜೆನ್ ಎಂಬ ಹೆಸರಿಟ್ಟ. ಹೆಸರು ಸಿದ್ಧವಾಗಿತ್ತು, ವಸ್ತು ಮಾತ್ರ ಸಿಕ್ಕಿರಲಿಲ್ಲ. ಎಲೆಯಲ್ಲಿ ತಯಾರಾಗಿ ಕುಡಿಗೆ ಸಾಗುವ ಒಂದು ಪ್ರೋಟೀನೇ ಆ ಸಂದೇಶವೆಂದು 2007ರಲ್ಲಿ ಬತ್ತ ಮತ್ತು ಸಾಸಿವೆಯ ಜಾತಿಯ ಒಂದು ಕಳೆಗಿಡದ ಮೇಲಿನ ಪ್ರಯೋಗಗಳು ತೋರಿಸಿದವು. ನಡುವೆ ಕಳೆದದ್ದು ಎಪ್ಪತ್ತು ವರ್ಷ.

ನಮ್ಮ ನಾಡಿನಲ್ಲಿ ಹಗಲಿನ ಏರಿಳಿತ ತೀರ ಕಡಿಮೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಮನುಷ್ಯರಾದ ನಾವು ಗಮನಿಸುವುದೇ ಇಲ್ಲ. ಹೂ ಕಟ್ಟಲು ಬೇಕಾದ ರಾತ್ರಿಯ ಉದ್ದ ತಳಿಯಿಂದ ತಳಿಗೆ ಬೇರೆ. ಹವೆಯ ತಂಪು ಕೂಡ ಅದಕ್ಕೆ ಸೇರಿಕೊಳ್ಳುತ್ತದೆ. ಕೆಲವು ತಳಿಗಳಿಗೆ ನಮ್ಮ ಜೂನ್ ತಿಂಗಳ ರಾತ್ರಿಯೂ ಸಾಕಷ್ಟು ದೀರ್ಘವೇ. ಅವು ಗಿಡ ಬಲಿಯುವ ಮೊದಲೇ ಮೊಗ್ಗು ಹೊರುತ್ತವೆ. ಇಂದು ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡುವವರಿಗೆ ಹೊಲದ ತುಂಬ ಸಾಲುಸಾಲಾಗಿ ವಿದ್ಯುದ್ದೀಪಗಳು ಉರಿಯುವುದು ಕಾಣಸಿಗುತ್ತದೆ. ಜಾತ್ರೆಯೆಂದು ಭ್ರಮಿಸಬೇಕಾಗಿಲ್ಲ. ಸೇವಂತಿಗೆ ಬೇಗ ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯಲೆಂದು ರೈತರು ಹಚ್ಚಿದ ದೀಪಗಳು ಅವು. ಗಿಡ ಸಾಕಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ. ನಮ್ಮ ದೊಡ್ಡಮ್ಮನ ಹಿತ್ತಿಲಿಗೆ ಬಂದ ಸಂಕಟವೇ ಅಲ್ಲಿ ಉಪಾಯವಾಗಿದೆ.

ಮೇಷ್ಟ್ರ ಮಾತಿನಂತೆ ದೊಡ್ಡಮ್ಮ ಗಿಡಗಳ ಸುತ್ತ ಗೂಟ ನೆಟ್ಟು, ದಿನವೂ ದೀಪ ಹತ್ತುವ ಮುಂಚೆ ಗೋಣಿತಾಟು ಹೊದಿಸಿ ಬೆಳಿಗ್ಗೆ ತೆಗೆಯತೊಡಗಿದರು. ಮೊಗ್ಗು ಬಣ್ಣ ತೋರಿಸುವವರೆಗೂ ಒಂದು ದಿನ ತಪ್ಪಿಸಲಿಲ್ಲ. ಮೂರು ನಾಲ್ಕು ವಾರಗಳಲ್ಲಿ ಸಾಸಿವೆ ಕಾಳಿನಂಥ ಮೊಗ್ಗುಗಳು ಕಂಡವು. ದೀಪಾವಳಿಗೆ ಬರಬೇಕಾದ ಹೂವು ಸಂಕ್ರಾಂತಿಗೆ ಬಂತು. ಆ ವರ್ಷ ಎಳ್ಳು ಬೀರುವ ತಟ್ಟೆಯಲ್ಲಿ ಅದೂ ಇತ್ತು.

ಎರಡು ವರ್ಷಗಳ ಮೇಲೆ ಬಂದ ಮಳೆಗೆ ಮಾತ್ರ ಉಪಾಯವಿರಲಿಲ್ಲ. ಹಿತ್ತಿಲಲ್ಲಿ ಹತ್ತು ದಿನ ನೀರು ನಿಂತಿತು. ಸೇವಂತಿಗೆಯ ಬೇರು ನಿಂತ ನೀರನ್ನು ತಡೆಯದು. ಇಡೀ ಸಾಲು ಬುಡ ಕೊಳೆತು ಕುಸಿಯಿತು. ದೊಡ್ಡಮ್ಮ ಮರಿ ಕೊಟ್ಟಿದ್ದ ಮನೆಗಳಿಗೆಲ್ಲ ನಾನು ಹೋಗಿ ಬಂದೆ. ಕೆಲವರಲ್ಲಿ ಅದೇ ಮಳೆಗೆ ಹೋಗಿತ್ತು; ಕೆಲವರು ಪೇಟೆಯಿಂದ ದೊಡ್ಡ ಹೂವಿನ ಜಾತಿ ತಂದು ಹಳೆಯದನ್ನು ಕಿತ್ತೆಸೆದಿದ್ದರು. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಆ ತಳಿಗೆ ಹೆಸರೇ ಇರಲಿಲ್ಲ. ಆಗ ದೊಡ್ಡಮ್ಮನಿಗೆ ಹಿಂದೆ ನಮ್ಮ ಊರಿನಲ್ಲಿದ್ದು ವರ್ಗವಾಗಿ ಹೋದ ಅಂಚೆ ಮಾಸ್ತರರ ಮನೆಯವರ ನೆನಪಾಯಿತು. ನನ್ನ ಕೈಯಲ್ಲಿ ಒಂದು ಕಾರ್ಡು ಬರೆಸಿದರು.

ಹದಿನೈದು ದಿನಗಳ ಮೇಲೆ ಬಸ್ಸಿನಲ್ಲಿ ಬಂದ ಯಾರೋ ಒಂದು ಗಂಟು ಕೊಟ್ಟು ಹೋದರು. ಒದ್ದೆ ಬಟ್ಟೆ, ಅದರ ಮೇಲೆ ಬಾಳೆಪಟ್ಟೆ, ಒಳಗೆ ಮಣ್ಣಿನ ಸಮೇತ ಮೂರು ಮರಿಗಳು. ದೊಡ್ಡಮ್ಮ ಎಲೆಯನ್ನು ಹೊಸಕಿ ಮೂಸಿ ನೋಡಿ, “ಅದೇ” ಎಂದರು. ಮೂರನ್ನೂ ನಮ್ಮ ಹಿತ್ತಿಲಿಗೇ ನೆಡುತ್ತಾರೆಂದು ನಾನು ಗುದ್ದಲಿ ತಂದೆ. ಅವರು ಒಂದನ್ನು ಮಾತ್ರ ಇಟ್ಟುಕೊಂಡು, ಇನ್ನೊಂದನ್ನು ಮೇಷ್ಟ್ರ ಮನೆಗೂ ಮತ್ತೊಂದನ್ನು ಮೇಲಿನ ಬೀದಿಯಲ್ಲಿ ನೀರು ನಿಲ್ಲದ ಎತ್ತರದ ಜಾಗವಿದ್ದ ಮನೆಗೂ ಕೊಟ್ಟು ಬರಲು ನನ್ನನ್ನು ಕಳುಹಿಸಿದರು. ಆ ಕಾರ್ತಿಕದಲ್ಲಿ ನಮ್ಮ ಗಿಡದಲ್ಲಿ ಹನ್ನೊಂದು ಹೂ ಬಿಟ್ಟವು. ಮೇಲಿನ ಬೀದಿಯ ಗಿಡದಲ್ಲಿ ಎಷ್ಟು ಬಿಟ್ಟವೆಂದು ನಾನು ಎಣಿಸಲಿಲ್ಲ. ಮೊರದ ತುಂಬ ಬಂದಿದ್ದವು.