ಹಳೆಯ ಕಾರಿಗೆ ಹುಟ್ಟುಬಣ್ಣ: ಹತ್ತು ಸೂತ್ರಗಳು

ಅಪ್ಪ ಓಡಿಸಿದ ಅಂಬಾಸಡರೋ, ಅಜ್ಜನ ಕಾಲದ ಫಿಯೆಟ್ಟೋ, ಷೆಡ್ಡಿನಲ್ಲಿ ಧೂಳು ಹಿಡಿದ ಮಾರಿಸ್ ಮೈನರೋ, ಯಾವುದೇ ಇರಲಿ. ಎಂಜಿನ್ ಸರಿಯಾಗಿ, ಟಿಂಕರಿಂಗ್ ಮುಗಿದ ಮೇಲೆ ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣವೇ ಬೇಕೆಂದರೆ ಅಂಗಡಿಯ ಶೇಡ್ ಕಾರ್ಡನ್ನು ಕೇಳಬೇಡಿ, ಮನೆಯವರ ನೆನಪನ್ನೂ ಕೇಳಬೇಡಿ. ಗಾಡಿಯನ್ನೇ ಕೇಳಿ.

1. ಕೆರೆಯುವ ಮೊದಲು ಹುಡುಕಿ. ಹಳೆಯ ಬಣ್ಣವನ್ನೆಲ್ಲ ಕೆರೆದು ಹಾಕಿ ಆಮೇಲೆ ಮೂಲ ಬಣ್ಣ ಯಾವುದೆಂದು ಕೇಳುವವರೇ ಬಹಳ. ಡೋರ್ ಪ್ಯಾಡ್ ಬಿಚ್ಚಿ ನೋಡಿ. ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಕೆಳಗೆ, ರಬ್ಬರ್ ಬೀಡಿಂಗಿನ ಅಡಿಯಲ್ಲಿ, ನಂಬರ್ ಪ್ಲೇಟಿನ ಹಿಂದೆ ನೋಡಿ. ಹುಟ್ಟಿನಿಂದಲೂ ಬಿಳಿ ಎಂದು ಮನೆಮಂದಿಯೆಲ್ಲ ಆಣೆ ಮಾಡುತ್ತಿದ್ದ ಪದ್ಮಿನಿಯೊಂದರ ಡೋರ್ ಪ್ಯಾಡ್ ತೆಗೆದಾಗ ತಿಳಿಹಸಿರು ಕಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಫೋರ್ಡ್ ಮಾಡೆಲ್ ಟಿ ಎಂದರೆ ಕಪ್ಪೇ ಎಂದು ಲೋಕವೆಲ್ಲ ನಂಬಿದೆ. ಆದರೆ ಅದು ಕಪ್ಪಿನಲ್ಲಿ ಮಾತ್ರ ಬಂದದ್ದು 1914ರಿಂದ 1925ರವರೆಗೆ. ಮೊದಲ ವರ್ಷಗಳಲ್ಲಿ ಹಸಿರು, ಕೆಂಪು, ಬೂದು ಗಾಡಿಗಳೂ ಇದ್ದವು.

2. ಸಿಕ್ಕ ತುಣುಕನ್ನು ಕೂಡಲೇ ನಂಬಬೇಡಿ. ಹೊರಗಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ. ಎರಡು ಸಾವಿರ ನಂಬರಿನ ವಾಟರ್ ಪೇಪರ್ ಹಾಕಿ, ರಬ್ಬಿಂಗ್ ಕಾಂಪೌಂಡಿನಲ್ಲಿ ತಿಕ್ಕಿದರೆ ಸತ್ತ ಪದರ ಹೋಗಿ ಒಳಗಿನ ಬಣ್ಣ ಕಾಣುತ್ತದೆ. ಒಳಗೆ ಅಡಗಿದ್ದ ಬಣ್ಣವೂ ಮೋಸ ಮಾಡಬಲ್ಲದು ಎಂಬುದು ಹಲವರಿಗೆ ಗೊತ್ತಿಲ್ಲ. ಎಣ್ಣೆ ಆಧಾರದ ಎನಾಮಲ್ ಕತ್ತಲೆಯಲ್ಲಿ ಹಳದಿಗೆ ತಿರುಗುತ್ತದೆ, ಬಿಳಿ ಮತ್ತು ಕೆನೆಬಣ್ಣಗಳಲ್ಲಿ ಇದು ಎದ್ದು ಕಾಣುತ್ತದೆ. ಅಂಥ ಭಾಗವನ್ನು ಕೆಲವು ದಿನ ಬೆಳಕಿಗೆ ಒಡ್ಡಿದರೆ ಹಳದಿ ಒಂದಿಷ್ಟು ಇಳಿಯುತ್ತದೆ. ಇನ್ನು ಡಿಕ್ಕಿಯ ಒಳಗೆ ಕಾರ್ಖಾನೆಯವರು ಬಹಳ ಸಲ ತೆಳುವಾಗಿ ಹೊಡೆದು ಬಿಟ್ಟಿರುತ್ತಾರೆ. ಅಡಿಯ ಪ್ರೈಮರ್ ಇಣುಕಿ ಛಾಯೆ ಬದಲಾಗಿರುತ್ತದೆ. ಹೀಗಾಗಿ ಒಂದಲ್ಲ, ಮೂರು ಕಡೆಯ ತುಣುಕು ಹೋಲಿಸಿ.

3. ಪದರ ಎಣಿಸಿ. ಒಂದು ಮೂಲೆಯಲ್ಲಿ ರೂಪಾಯಿ ಅಗಲದಷ್ಟು ಜಾಗವನ್ನು ತಗಡು ಕಾಣುವವರೆಗೆ ಓರೆಯಾಗಿ ಉಜ್ಜಿ. ಈರುಳ್ಳಿ ಕೊಯ್ದಂತೆ ಸುತ್ತುಸುತ್ತಾಗಿ ಪದರಗಳು ಕಾಣುತ್ತವೆ. ತಗಡಿನ ಪಕ್ಕದ್ದು ಪ್ರೈಮರ್, ಅದರ ಮೇಲಿನದು ಹುಟ್ಟುಬಣ್ಣ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ನೀರು ಹಾಕಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

4. ಬಣ್ಣದ ಕೋಡ್ ಹುಡುಕಿ, ಆದರೆ ಅದೇ ಕೊನೆಯ ಮಾತಲ್ಲ. ಮರ್ಸಿಡಿಸ್‌ನಲ್ಲಿ ಡಿಬಿ 904 ಎಂದರೆ ಮಿಡ್‌ನೈಟ್ ಬ್ಲೂ. ಬ್ರಿಟನ್ನಿನ ಬಿಎಂಸಿ ಗಾಡಿಗಳಲ್ಲಿ ಡಬ್ಲ್ಯುಟಿ 3 ಎಂದರೆ ಓಲ್ಡ್ ಇಂಗ್ಲಿಷ್ ವೈಟ್. ಎಂಜಿ, ಆಸ್ಟಿನ್, ಮಾರಿಸ್ ಇದ್ದವರು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಬಹುದು. ದಾಖಲೆ ಉಳಿದಿದ್ದರೆ ಅದರಲ್ಲಿ ಬಣ್ಣವೂ ಇರುತ್ತದೆ. ನಮ್ಮ ಗಾಡಿಗಳಿಗೆ ಹಳೆಯ ಆರ್‌ಸಿ ಪುಸ್ತಕದ ಬಣ್ಣದ ಕಾಲಂ ಒಂದು ಸುಳಿವು. ಅಲ್ಲಿ ಬರೀ ‘ಗ್ರೇ’ ಎಂದಿದ್ದರೂ ನೀಲಿಯಲ್ಲ ಎಂಬುದಾದರೂ ಖಚಿತವಾಯಿತು. ಒಂದೇ ಕೋಡಿನ ಬಣ್ಣ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಬೇರೆಯಾಗುತ್ತಿತ್ತು. ಕೋಡ್ ಮತ್ತು ತುಣುಕು ಜಗಳವಾಡಿದರೆ ನಾನು ತುಣುಕಿನ ಪಕ್ಷ.

5. ಟ್ಯೂಬ್‌ಲೈಟಿನ ಕೆಳಗೆ ಒಪ್ಪಬೇಡಿ. ಹಳೆಯ ಹಳದಿ, ಕೆಂಪುಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು, ಇಂದಿನ ಮಿಶ್ರಣಕ್ಕೆ ಬೇರೆ ವರ್ಣದ್ರವ್ಯ ಹಾಕುತ್ತಾರೆ. ಅದರಿಂದ ಅಂಗಡಿಯೊಳಗೆ ಒಂದೇ ಎನಿಸಿದ ಎರಡು ಬಣ್ಣ ಬಯಲಿಗೆ ಬಂದರೆ ಬೇರೆ ಬೇರೆ. ಬಿಸಿಲಿನಲ್ಲಿ, ನೆರಳಿನಲ್ಲಿ, ಸಂಜೆಯಲ್ಲಿ, ಮೂರೂ ಹೊತ್ತು ನೋಡಿ.

6. ಸ್ಕ್ಯಾನ್ ಮಾಡುವ ಯಂತ್ರಕ್ಕೆ ಪಾಲಿಶ್ ಮಾಡಿದ ತುಣುಕನ್ನೇ ಕೊಡಿ. ಮೆಟಾಲಿಕ್ ಆದರೆ ಹಲವು ಕೋನಗಳಿಂದ ಅಳೆಯುವ ಯಂತ್ರವೇ ಬೇಕು. ಯಂತ್ರ ಹತ್ತಿರದ ಫಾರ್ಮುಲಾ ತೋರಿಸುತ್ತದೆ, ಉಳಿದ ಕೂದಲೆಳೆಯ ಅಂತರವನ್ನು ಮುಚ್ಚುವುದು ಅನುಭವಿ ಮಿಕ್ಸರನ ಕಣ್ಣು.

7. ಬಣ್ಣದ ಜಾತಿಯೂ ಮುಖ್ಯ. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ‘ಡ್ಯೂಕೋ’ ಎನ್ನುತ್ತಾರಲ್ಲ, ಅದು ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನ ಹೆಸರು. ಅರುವತ್ತರ ದಶಕದ ಸಾದಾ ಬಣ್ಣಗಳ ಮೇಲೆ ಕ್ಲಿಯರ್ ಕೋಟ್ ಇರಲಿಲ್ಲ. ಅಂಥ ಗಾಡಿಗೆ ಕ್ಲಿಯರ್ ಹೊಡೆದರೆ ಛಾಯೆ ಸರಿಯಿದ್ದರೂ ಗಾಜು ಹೊದಿಸಿದ ಹಾಗೆ ಕಾಣುತ್ತದೆ, ನನ್ನ ಮಟ್ಟಿಗೆ ಅದು ತಪ್ಪು. ಬಾಳಿಕೆಗಾಗಿ ಪಿಯು (ಪಾಲಿಯುರೆಥೇನ್) ಬಣ್ಣ ಬೇಕೆಂದರೆ ಕ್ಲಿಯರ್ ಬೇಡದ ಒಂದೇ ಹಂತದ್ದನ್ನು ಆರಿಸಿ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುವುದರಿಂದ ಪೇಂಟರ್ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಕೊಡಿಸಿ.

8. ಮೊದಲು ತಗಡಿನ ತುಂಡಿಗೆ ಹೊಡೆಸಿ. ಅದೇ ಪ್ರೈಮರ್, ಅದೇ ಗನ್, ಅದೇ ಕೈ. ಒದ್ದೆ ಬಣ್ಣ ಒಣಗಿದ ಮೇಲೆ ಬದಲಾಗುತ್ತದೆ, ಪೂರ್ತಿ ಒಣಗಿದ ಮೇಲೆಯೇ ತೀರ್ಮಾನಿಸಿ. ಮೆಟಾಲಿಕ್ ಅನ್ನು ತೋಯುವಂತೆ ಹೊಡೆದರೆ ಗಾಢ, ಒಣಒಣವಾಗಿ ಹೊಡೆದರೆ ತಿಳಿ.

9. ಮಳೆಗಾಲದಲ್ಲಿ ಲ್ಯಾಕರ್ ಬೇಡ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ತೇವ ಕೂರುತ್ತದೆ, ಬಣ್ಣ ಬೂದಿ ಬಳಿದಂತಾಗುತ್ತದೆ. ಕರಾವಳಿ, ಮಲೆನಾಡಿನವರು ಕಾಯುವುದೇ ಮೇಲು.

10. ಎಲ್ಲ ಡಬ್ಬಗಳನ್ನೂ ಒಂದಕ್ಕೊಂದು ಬೆರೆಸಿಯೇ ಶುರು ಮಾಡಿ. ಫಾರ್ಮುಲಾ ಬರೆದಿಡಿ. ಕೊನೆಯದಾಗಿ ಒಂದು ಕೋರಿಕೆ: ಡ್ಯಾಶ್‌ಬೋರ್ಡಿನ ಹಿಂದೆ ಅಂಗೈಯಗಲದ ಹಳೆಯ ಬಣ್ಣವನ್ನು ಮುಟ್ಟದೆ ಹಾಗೇ ಬಿಡಿ. ಐವತ್ತು ವರ್ಷದ ನಂತರ ಈ ಗಾಡಿಯನ್ನು ಬಿಚ್ಚುವವರೂ ಅದನ್ನೇ ಹುಡುಕುತ್ತಾರೆ.