ಶರತ್ಕಾಲದ ಅಂತ್ಯದಲ್ಲಿ ಉತ್ತರದ ಬಯಲು: ಹವಾಮಾನ ಮುನ್ನೋಟವನ್ನು ವರ್ತಕರು ಓದುವ ಕ್ರಮ

ಮಲೆನಾಡಿನ ಅಡಿಕೆಗೂ ತಿಪಟೂರಿನ ಉಂಡೆ ಕೊಬ್ಬರಿಗೂ ಉತ್ತರ ಭಾರತವು ಬಹುಮುಖ್ಯ ಮಾರುಕಟ್ಟೆ ಎಂಬುದು ವರ್ತಕ ಮಿತ್ರರಿಗೆ ತಿಳಿದ ವಿಷಯವೇ ಆಗಿದೆ. ನಾವು ಅಲ್ಲಿನ ಧಾರಣೆಯನ್ನು ದಿನಕ್ಕೆರಡು ಬಾರಿ ವಿಚಾರಿಸುತ್ತೇವೆ. ಆದರೆ ಸರಕು ಹಾದುಹೋಗುವ ಬಯಲಿನ ಹವಾಮಾನವನ್ನು ಮಾತ್ರ ಲಾರಿ ನಿಂತ ಮೇಲೆ ವಿಚಾರಿಸುತ್ತೇವೆ. ಈ ಉದಾಸೀನದ ಬೆಲೆ ಎಷ್ಟೆಂಬುದಕ್ಕೆ ನಮ್ಮ ಕಚೇರಿಗೆ ಬಂದ ಒಂದು ಪ್ರಕರಣವನ್ನು ಇಲ್ಲಿ ನಿರೂಪಿಸಬಯಸುತ್ತೇನೆ.

ಕಕ್ಷಿದಾರರೊಬ್ಬರು ತಮ್ಮ ದೆಹಲಿ ಉಗ್ರಾಣದಿಂದ ಕಾನ್ಪುರಕ್ಕೆ ₹40 ಲಕ್ಷ ಮೌಲ್ಯದ ಒಣ ಅಡಿಕೆ ಕಳುಹಿಸಿದ್ದರು. ಡಿಸೆಂಬರ್ ತಿಂಗಳು. ಲಾರಿ ಹೊರಡುವಾಗಲೇ ಒಂದು ದಿನ ತಡವಾಗಿತ್ತು. ಬಳಿಕ ಎರಡು ರಾತ್ರಿ ದಟ್ಟ ಮಂಜಿನಿಂದಾಗಿ ಚಾಲಕನು ಢಾಬಾದಲ್ಲಿಯೇ ತಂಗಬೇಕಾಯಿತು. ಮಧ್ಯರಾತ್ರಿಗೆ ಇ-ವೇ ಬಿಲ್ಲಿನ ಅವಧಿ ಮುಗಿಯಿತು. ಅದನ್ನು ಯಾರೂ ವಿಸ್ತರಿಸಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ತಪಾಸಣೆಯಾಯಿತು. ಶೇ. 5ರಂತೆ ತೆರಿಗೆ ₹2 ಲಕ್ಷ, ಅದರ ಶೇ. 200ರಷ್ಟು ದಂಡ, ಅಂದರೆ ₹4 ಲಕ್ಷ! ಸರಕು ಅಸಲಿ, ಬಿಲ್ಲು ಅಸಲಿ, ತೆರಿಗೆಯೂ ಸಲ್ಲಿಕೆಯಾಗಿತ್ತು. ತಪ್ಪಿದ್ದು ದಿನಾಂಕ ಮಾತ್ರ.

1. ಬಯಲಿನಲ್ಲಿ ಆಗುವುದೇನು?

ನೈಋತ್ಯ ಮುಂಗಾರು ಪಶ್ಚಿಮ ರಾಜಸ್ಥಾನದಿಂದ ಹಿಂಜರಿಯಲಾರಂಭಿಸುವ ವಾಡಿಕೆಯ ದಿನಾಂಕ ಸೆಪ್ಟೆಂಬರ್ 17. ಅಕ್ಟೋಬರ್ 15ರ ಸುಮಾರಿಗೆ ಅದು ದೇಶದಿಂದ ಪೂರ್ಣವಾಗಿ ನಿರ್ಗಮಿಸುತ್ತದೆ. ಆನಂತರ ಪಂಜಾಬಿನಿಂದ ಬಿಹಾರದವರೆಗಿನ ಬಯಲಿನಲ್ಲಿ ಆಕಾಶ ಶುಭ್ರವಾಗಿ, ಗಾಳಿ ಮಂದವಾಗಿ, ರಾತ್ರಿಗಳು ದೀರ್ಘವಾಗುತ್ತವೆ. ನೆಲವು ಬೇಗನೆ ತಣ್ಣಗಾಗುವುದರಿಂದ ತಂಪಾದ ಗಾಳಿಯು ಕೆಳಗೂ ಬೆಚ್ಚನೆಯ ಗಾಳಿಯು ಮೇಲೂ ನಿಂತು, ಪಾತ್ರೆಗೆ ಮುಚ್ಚಳವಿಟ್ಟಂತಾಗುತ್ತದೆ. ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವಣ ಅವಧಿ ಕೆಲವೇ ವಾರಗಳಾದ್ದರಿಂದ ರೈತರು ಕೂಳೆಯನ್ನು ಸುಡುತ್ತಾರೆ. ಆ ಹೊಗೆ, ವಾಹನ ಮತ್ತು ಕಾರ್ಖಾನೆಗಳ ಹೊಗೆಯೊಂದಿಗೆ ಸೇರಿ ಮುಚ್ಚಳದಡಿಯಲ್ಲಿಯೇ ಉಳಿಯುತ್ತದೆ.

ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ಗಳದು ಇಬ್ಬಗೆಯ ಪರಿಣಾಮ. ಮಳೆ ಗಾಳಿಗಳೊಂದಿಗೆ ಬಂದಾಗ ಹೊಗೆ ಚದುರುತ್ತದೆ. ಆದರೆ ಅವು ದಾಟಿಹೋದ ಮೇಲೆ ನೆಲದಲ್ಲಿ ತೇವ, ಮೇಲೆ ನಿರಭ್ರ ಆಕಾಶ. ಮಂಜು ಕಟ್ಟಲು ಇದಕ್ಕಿಂತ ಅನುಕೂಲ ಬೇರಿಲ್ಲ. ಆದುದರಿಂದ ‘ಮಳೆ ನಿಂತಿತು, ಲಾರಿ ಬಿಡಿ’ ಎಂಬ ನಮ್ಮ ಊರಿನ ಲೆಕ್ಕ ಅಲ್ಲಿ ಸಲ್ಲದು.

ಸ್ಥೂಲವಾಗಿ ಹೇಳುವುದಾದರೆ ನವೆಂಬರ್ ಹೊಗೆಯ ತಿಂಗಳು. ಡಿಸೆಂಬರ್ ಮತ್ತು ಜನವರಿ ಮಂಜಿನ ತಿಂಗಳುಗಳು.

2. ಮೂರು ಮುನ್ನೋಟಗಳು, ಮೂರು ಲೆಕ್ಕಪುಸ್ತಕಗಳು

ಭಾರತ ಹವಾಮಾನ ಇಲಾಖೆಯ ಪ್ರಕಟಣೆಗಳನ್ನು ನಮ್ಮ ಲೆಕ್ಕಪುಸ್ತಕಗಳಂತೆ ವಿಂಗಡಿಸಿಕೊಳ್ಳಬಹುದು.

ಅ) ಋತುಮಾನದ ಮುನ್ನೋಟ: ಇದು ಆಯವ್ಯಯ ಅಂದಾಜಿನಂತೆ. ‘ವಾಡಿಕೆಗಿಂತ ಹೆಚ್ಚು’, ‘ವಾಡಿಕೆ’, ‘ವಾಡಿಕೆಗಿಂತ ಕಡಿಮೆ’ ಎಂಬ ಮೂರು ವರ್ಗಗಳಿಗೆ ಸಂಭವವನ್ನು ಶೇಕಡಾವಾರು ನೀಡಲಾಗುತ್ತದೆ. ಏನೂ ತಿಳಿಯದಿದ್ದಾಗ ಪ್ರತಿ ವರ್ಗಕ್ಕೂ ಸುಮಾರು ಶೇ. 33 ಸಲ್ಲುತ್ತದೆ. ಚಳಿ ಹೆಚ್ಚಿರುವ ಸಂಭವ ಶೇ. 55 ಎಂದರೆ ಶೇ. 45ರಷ್ಟು ಹಾಗಾಗದಿರಲೂಬಹುದು ಎಂದೇ ಅರ್ಥ. ಯಾವ ದಿನ ಮಂಜು ಬೀಳುವುದೆಂದು ಇದು ತಿಳಿಸುವುದಿಲ್ಲ. ಕರಾರಿನ ಷರತ್ತುಗಳನ್ನು ಬರೆಯುವಾಗ ಇದನ್ನು ಬಳಸತಕ್ಕದ್ದು.

ಆ) ವಿಸ್ತೃತ ಅವಧಿಯ ಮುನ್ಸೂಚನೆ: ಗುರುವಾರಗಳಂದು ಹೊರಬೀಳುವ ಇದು ಮುಂದಿನ ಎರಡು ವಾರಗಳ ನಗದು ಹರಿವಿನ ಪಟ್ಟಿಯಂತೆ. ಯಾವ ವಾರ ಎಷ್ಟು ಲೋಡು ಎಂಬುದನ್ನು ಇದರಿಂದ ನಿರ್ಧರಿಸಬಹುದು.

ಇ) ದೈನಂದಿನ ಎಚ್ಚರಿಕೆ: ಇದು ರೋಕಡ ಪುಸ್ತಕ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ನೋಡಿಯೇ ಲಾರಿ ಹೊರಡಿಸಬೇಕು. ಗೋಚರತೆ 200 ಮೀಟರಿಗಿಂತ ಕಡಿಮೆಯಾದರೆ ‘ದಟ್ಟ ಮಂಜು’, 50 ಮೀಟರಿಗಿಂತ ಕಡಿಮೆಯಾದರೆ ‘ಅತಿ ದಟ್ಟ ಮಂಜು’.

3. ಮುಂಜಾಗ್ರತೆಗೆ ಎಷ್ಟು ಖರ್ಚು ಮಾಡಬಹುದು?

ಉದಾಹರಣೆಗೆ, ಒಂದು ಲೋಡನ್ನು ಮೂರು ದಿನ ಮೊದಲೇ ಕಳುಹಿಸಿ ಉಗ್ರಾಣದಲ್ಲಿಡಲು ಹೆಚ್ಚುವರಿ ಖರ್ಚು ₹9,000 ಎಂದಿರಲಿ. ತಡವಾದರೆ ಹಾಲ್ಟಿಂಗ್, ಬಡ್ಡಿ, ಖರೀದಿದಾರರ ಕಡಿತ ಸೇರಿ ನಷ್ಟ ₹30,000 ಎಂದಿರಲಿ. 9,000ವನ್ನು 30,000ದಿಂದ ಭಾಗಿಸಿದರೆ ಶೇ. 30. ತಡವಾಗುವ ಸಂಭವ ಇದಕ್ಕಿಂತ ಹೆಚ್ಚಿದ್ದರೆ ಖರ್ಚು ಮಾಡುವುದು ಲಾಭಕರ, ಕಡಿಮೆಯಿದ್ದರೆ ಅನಗತ್ಯ.

ತಡವಾಗುವ ಸಂಭವವನ್ನು ಇಲಾಖೆ ಹೇಳುವುದಿಲ್ಲ. ಅದು ತಮ್ಮ ರವಾನೆ ವಹಿಯಲ್ಲಿಯೇ ಇದೆ. ಕಳೆದ ಚಳಿಗಾಲಗಳ 40 ಲೋಡುಗಳಲ್ಲಿ 10 ತಡವಾಗಿದ್ದರೆ ಶೇ. 25. ಆದರೆ ಮಂಜಿನ ಎಚ್ಚರಿಕೆಯಿದ್ದ ದಿನಗಳ 16 ಲೋಡುಗಳಲ್ಲಿ 8 ತಡವಾಗಿದ್ದರೆ ಶೇ. 50. ಅಂದರೆ ಸಾಮಾನ್ಯ ದಿನಗಳಲ್ಲಿ ಬೇಡವಾದ ಖರ್ಚು ಎಚ್ಚರಿಕೆಯ ದಿನಗಳಲ್ಲಿ ಅವಶ್ಯಕವಾಗುತ್ತದೆ. ವಹಿಯಲ್ಲಿ ‘ತಲುಪಿದ ದಿನಾಂಕ’ ಎಂಬ ಒಂದು ಅಂಕಣವನ್ನು ಸೇರಿಸಿದರೆ ಸಾಕು, ಈ ಲೆಕ್ಕ ಸಾಧ್ಯ.

4. ಕಾಗದಪತ್ರಗಳಲ್ಲಿ ಗಮನಿಸಬೇಕಾದುದು

ಇ-ವೇ ಬಿಲ್: 1 ಜನವರಿ 2021ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನ. ಕರ್ನಾಟಕದಿಂದ ದೆಹಲಿಗೆ ಸುಮಾರು 2,000 ಕಿ.ಮೀ. ಎಂದರೆ ಹತ್ತು ದಿನ. ಅಲ್ಲಿ ಅವಕಾಶ ಧಾರಾಳ. ಅಪಾಯವಿರುವುದು ಕೊನೆಯ ಕಿರುಪ್ರಯಾಣದಲ್ಲಿ. ದೆಹಲಿ–ಕಾನ್ಪುರಕ್ಕೆ ಮೂರೇ ದಿನ. ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ಎಂಟು ಗಂಟೆಯೊಳಗೆ ವಿಸ್ತರಣೆ ಸಾಧ್ಯ. ಮೇಲ್ಕಂಡ ಪ್ರಕರಣದಲ್ಲಿ ಬೆಳಿಗ್ಗೆ ಎಂಟರೊಳಗೆ ಐದು ನಿಮಿಷದ ಕೆಲಸ ₹4 ಲಕ್ಷವನ್ನು ಉಳಿಸುತ್ತಿತ್ತು. ರಸ್ತೆ ತಡೆಯಿಂದ ಅವಧಿ ಮೀರಿದ ಪ್ರಕರಣವೊಂದರಲ್ಲಿ ತೆರಿಗೆ ವಂಚನೆಯ ಉದ್ದೇಶವಿರಲಿಲ್ಲವೆಂದು ತೆಲಂಗಾಣ ಹೈಕೋರ್ಟ್ 2021ರಲ್ಲಿ ವರ್ತಕರ ಪರ ತೀರ್ಪಿತ್ತಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಎಲ್ಲರಿಗೂ ಅಷ್ಟು ದೂರ ಹೋಗುವ ಶಕ್ತಿಯಿರುವುದಿಲ್ಲ.

ದೆಹಲಿ ಪ್ರವೇಶ: ವಾಯು ಗುಣಮಟ್ಟ ಸೂಚ್ಯಂಕ 450 ಮೀರಿದಾಗ ಶ್ರೇಣೀಕೃತ ಕ್ರಿಯಾಯೋಜನೆಯ ನಾಲ್ಕನೆಯ ಹಂತ ಜಾರಿಗೆ ಬರುತ್ತದೆ. 2023ರ ನವೆಂಬರ್ 5ರಂದೂ 2024ರ ನವೆಂಬರ್ 18ರಂದೂ ಹೀಗೆ ಜಾರಿಯಾದಾಗ ಅತ್ಯವಶ್ಯಕ ಸರಕಿನ ಹೊರತು ಲಾರಿಗಳ ಪ್ರವೇಶ ನಿಂತಿತು. 2024ರಲ್ಲಿ ಸಿಎನ್‌ಜಿ, ವಿದ್ಯುತ್ ಹಾಗೂ ಬಿಎಸ್-6 ವಾಹನಗಳಿಗೆ ವಿನಾಯಿತಿಯಿತ್ತು. ನವೆಂಬರಿನಲ್ಲಿ ಲಾರಿ ಗೊತ್ತುಮಾಡುವಾಗ ಬಾಡಿಗೆಯೊಂದಿಗೆ ವಾಹನದ ಶ್ರೇಣಿಯನ್ನೂ ಕೇಳುವುದು ಕ್ಷೇಮ.

ವಿಮೆ: ಸಾಗಣೆ ವಿಮೆಯ ರೂಢಿಯ ಷರತ್ತುಗಳಲ್ಲಿ ವಿಳಂಬದಿಂದಾದ ನಷ್ಟವು ಹೊರತಾಗಿರುತ್ತದೆ. ಅಪಘಾತವಾದರೆ ಪರಿಹಾರವುಂಟು, ಮಂಜಿನಲ್ಲಿ ಕಾದು ಧಾರಣೆ ತಪ್ಪಿದರೆ ಇಲ್ಲ.

ಕರಾರು: ಸರಕು ಮಾರಾಟ ಕಾಯಿದೆ, 1930ರ 39ನೆಯ ಕಲಮಿನಂತೆ ಸಾಗಣೆದಾರನಿಗೆ ಒಪ್ಪಿಸಿದ್ದು ಮೇಲ್ನೋಟಕ್ಕೆ ಖರೀದಿದಾರನಿಗೆ ಒಪ್ಪಿಸಿದಂತೆಯೇ. ಆದರೆ ‘ಕಾನ್ಪುರ ಮುಟ್ಟಿಸಿ’ ಎಂದು ನಾವೇ ಒಪ್ಪಿಕೊಂಡರೆ ಆ ರಕ್ಷಣೆ ಕೈಬಿಡುತ್ತದೆ. ಡಿಸೆಂಬರ್, ಜನವರಿಗಳ ಕರಾರಿನಲ್ಲಿ ಮಂಜಿನ ವಿಳಂಬಕ್ಕೆ ಇಂತಿಷ್ಟು ದಿನ ಕಡಿತವಿಲ್ಲ ಎಂಬ ಒಂದು ಸಾಲನ್ನು ಸೇರಿಸಿಕೊಳ್ಳತಕ್ಕದ್ದು.

5. ಸಾರಾಂಶ

ಋತುಮಾನದ ಮುನ್ನೋಟ ನೋಡಿ ಕರಾರು ಬರೆಯಿರಿ. ವಾರದ ಮುನ್ಸೂಚನೆ ನೋಡಿ ಲೋಡು ಹಂಚಿರಿ. ದಿನದ ಎಚ್ಚರಿಕೆ ನೋಡಿ ಲಾರಿ ಬಿಡಿರಿ. ಅವಧಿ ಮುಗಿಯುವ ರಾತ್ರಿ ಇ-ವೇ ಬಿಲ್ಲಿನ ಮೇಲೆ ಕಣ್ಣಿಡಲು ಒಬ್ಬರನ್ನು ಹೆಸರು ಹೇಳಿ ನೇಮಿಸಿರಿ. ನನ್ನ ಕಕ್ಷಿದಾರರು ಈಗ ಆ ಕೆಲಸವನ್ನು ತಮ್ಮ ಮಗನಿಗೆ ವಹಿಸಿದ್ದಾರೆ. ಮಂಜು ಯಾರ ಕೈಯಲ್ಲೂ ಇಲ್ಲ. ದಿನಾಂಕ ನಮ್ಮ ಕೈಯಲ್ಲಿದೆ.